ಅಣ್ಣನ ಲಾರಿಗೊಂದು ಕಾರ್ಡು

ಕಂಪ್ಯೂಟರಿನ ಮೇಲೆ ಹಸಿ ಗೋಣಿತಟ್ಟು ಹೊದಿಸಿದವನು ನಾನೇ. ತಪ್ಪನ್ನು ಬೇರೆಯವರ ಮೇಲೆ ಹಾಕುವಂತಿಲ್ಲ.

ಸವಣೂರಿನಲ್ಲಿ ನಮ್ಮದು ವೀಳ್ಯದೆಲೆ ವ್ಯಾಪಾರ. ಬಿಸಿಲಿಗೆ ಎಲೆ ಬಾಡಬಾರದೆಂದು ಕಟ್ಟುಗಳ ಮೇಲೆ ತೊಯ್ಸಿದ ತಟ್ಟು ಹೊದಿಸುವುದು ಸಣ್ಣಂದಿನಿಂದ ಬಂದ ರೂಢಿ. ಆ ಬೇಸಿಗೆಯ ಸಂಜೆ ಅಣ್ಣನ ಕಂಪ್ಯೂಟರು ಕಾದ ಹಂಚಿನಂತಾಗಿ ಬುಸುಗುಟ್ಟತೊಡಗಿದಾಗ ನನ್ನ ಕೈ ಆ ರೂಢಿಯನ್ನೇ ಪಾಲಿಸಿತು. ಅರ್ಧ ತಾಸಿನೊಳಗೆ ಪರದೆಯ ತುಂಬ ಹಸಿರು ಗೆರೆಗಳು ಬಂದವು. ಆಮೇಲೆ ಬರೀ ಕಪ್ಪು.

“ಏನಾತೋ?” ಎಂದಳು ಪಕ್ಕದಲ್ಲಿ ಕೂತಿದ್ದ ಅವ್ವ.

ಅಣ್ಣ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ಅವನು ಬದುಕಿದ್ದಾಗ ಎಲೆಯ ಕೆಲಸ ಮುಗಿಸಿ ದಿನಾ ಸಂಜೆ ಲಾರಿ ಓಡಿಸುವ ಆಟ ಆಡುತ್ತಿದ್ದ. ನಾನು ಬದಿಗೆ ಕೂತು ದಾರಿ ಹೇಳುತ್ತಿದ್ದೆ. ಅವನು ಹೋದ ಎರಡನೆಯ ತಿಂಗಳು ಒಂದು ಸಂಜೆ ತಡೆಯಲಾರದೆ ಆ ಆಟ ಹಚ್ಚಿದೆ. ಅವನ ನೀಲಿ ಲಾರಿ ಅವನು ನಿಲ್ಲಿಸಿದಲ್ಲೇ ನಿಂತಿತ್ತು. ಸೆರಗಿಗೆ ಕೈ ಒರೆಸುತ್ತ ಬಂದ ಅವ್ವ, “ಅವನ ಗಾಡಿ ಏನು?” ಎಂದು ಕೇಳಿದಳು. ಹೌದೆಂದೆ. “ಹಂಗಾರ ಹೊಡಿ, ನೋಡೂಣು,” ಎಂದು ಕೂತೇಬಿಟ್ಟಳು. ಅಂದಿನಿಂದ ದಿನವೂ ಇಬ್ಬರೂ ಎಲ್ಲಿಗಾದರೂ ಹೋಗಿ ಬರುತ್ತಿದ್ದೆವು. ಗೋಣಿತಟ್ಟಿನ ದಿನ ಹಾಲಿನ ಟ್ಯಾಂಕರು ಎಳೆದುಕೊಂಡು ಯಾವುದೋ ದೂರದ ದೇಶದ ಘಾಟು ಇಳಿಯುತ್ತಿದ್ದೆವು.

ಮರುದಿನ ಪರದೆಗೆ ಚಿತ್ರ ಮೂಡಿಸುವ ಆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ, ಎಲೆಯ ಚೀಲದಲ್ಲಿಟ್ಟುಕೊಂಡು ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಹೋದೆ. ಅಲ್ಲಿನ ಕಂಪ್ಯೂಟರ್ ಅಂಗಡಿಯವನು ಅಣ್ಣನಿಗೆ ಹಳೆಯ ಗೆಳೆಯ. ತಟ್ಟಿನ ಕತೆ ಕೇಳಿ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದ.

“ಭಾಯ್, ಇದಕ್ಕ ಎಲಿ ಅಡಿಕಿ ಇಟ್ಟು ಕಳಿಸಿಬಿಡ್ರಿ. ಮುಗೀತು ಇದರ ಕತಿ.”

ಹೊಸದನ್ನು ಕೇಳಿದೆ. “ತಗೋಬಹುದು. ಆದ್ರ ಎರಡು ತಿಂಗಳ ತಡದ್ರ ಹೊಸಾ ಮಾಡೆಲ್ ಬರ್ತಾವು, ಈಗಿನದರ ರೇಟ್ ಇಳೀತೈತಿ,” ಎಂದ. ಆಮೇಲೆ ದನಿ ತಗ್ಗಿಸಿ, “ನಿಮ್ಮಣ್ಣಾರೂ ಹಿಂಗ ರೀ. ಮೂರು ಸಲ ಬಂದ್ರು. ಕಾರ್ಡ್ ಹಿಡಕೊಂಡು, ಎಲಿ ನೋಡಿದಂಗ ಬೆಳಕಿಗೆ ಹಿಡದು ನೋಡಿ, ‘ಮುಂದಿನ ತಿಂಗಳ ಬರ್ತೇನಿ’ ಅಂತ ಹೋಗಿಬಿಟ್ರು,” ಎಂದ.

ನನಗೆ ಆಶ್ಚರ್ಯವಾಗಲಿಲ್ಲ. ಎಲೆ ಯಾರಿಗೂ ಕಾಯುವುದಿಲ್ಲ. ರೇಟು ಇರಲಿ ಬಿಡಲಿ, ಕೊಯ್ದ ಎಲೆ ಬಾಡುವುದರೊಳಗೆ ಮಾರಲೇಬೇಕು. ಹೀಗೆ ಜೀವನವಿಡೀ ಅವಸರ ಮಾಡಿದವನಿಗೆ ಕಾಯುವುದೇ ಒಂದು ಸುಖವಾಗಿತ್ತೋ ಏನೋ. ಅಲ್ಲದೆ ನಮ್ಮ ಮನೆಯಲ್ಲಿ ಸತ್ತವರ ವರ್ಷ ತುಂಬುವವರೆಗೆ ಹೊಸದೇನನ್ನೂ ತರುವಂತಿಲ್ಲ. ಅದಕ್ಕೂ ಎರಡೇ ತಿಂಗಳು ಉಳಿದಿತ್ತು. ಕಾಯುವುದೇ ಸರಿಯೆಂದು ಬರಿಗೈಲಿ ಮರಳಿದೆ.

ಆದರೆ ಅವ್ವ ಸಂಜೆಯಾದೊಡನೆ ಬಂದು ಆ ಕಪ್ಪು ಪರದೆಯ ಮುಂದೆಯೇ ಕೂತು ಎಲೆ ಆರಿಸತೊಡಗಿದಳು. ಮೊದಲ ದಿನ, “ಹಾಲು ಒಡದಿರತೈತಿ ಬಿಡು,” ಎಂದಳು. ಆಟದ ಹಾಲು ಒಡೆಯುವುದಿಲ್ಲ ಎಂದೆ. ಎರಡನೆಯ ದಿನ, ಘಾಟಿನಲ್ಲಿ ನಿಂತ ಗಾಡಿಗೆ ಹಿಂದಿನಿಂದ ಯಾರಾದರೂ ಬಡಿದರೆ ಹೇಗೆ ಎಂದು ಕೇಳಿದಳು. ಮೂರನೆಯ ದಿನ ನಾನು ಎರಡು ತಿಂಗಳ ಲೆಕ್ಕವನ್ನೂ ಅಣ್ಣ ಮೂರು ಸಲ ಬರಿಗೈಲಿ ಮರಳಿದ್ದನ್ನೂ ಬಿಡಿಸಿ ಹೇಳಿದೆ. ಅವ್ವ ಎಲೆಯೊಂದರ ತೊಟ್ಟು ಮುರಿದು ಬದಿಗಿಟ್ಟಳು.

“ಆ ಅಂಗಡ್ಯಾಗ ಮಂದಿ ವಾಪರಿಸಿ ಬಿಟ್ಟ ಹಳೇವು ಸಿಗತಾವೇನು?”

“ಸಿಗತಾವು. ಆದ್ರ ವರ್ಷ ತುಂಬಿಲ್ಲಲ್ಲವಾ?”

“ಹೊಸಾದ್ ತರಬ್ಯಾಡ ಅಂದೇನಿ. ನಾಕು ವರ್ಷ ಮತ್ತೊಬ್ಬರ ಮನ್ಯಾಗ ದುಡದದ್ದು ಹೊಸಾದ್ ಹೆಂಗ ಆಕ್ಕೈತೋ, ಶಾಣ್ಯಾ?”

ಮರುದಿನ ಮೊದಲ ಬಸ್ಸಿಗೇ ಹೋದೆ. ತಂದ ಕಾರ್ಡು ಹಳೆಯದಕ್ಕಿಂತ ಒಂದೂವರೆಪಟ್ಟು ಉದ್ದವಿತ್ತು. ಕಂಪ್ಯೂಟರಿನ ಡಬ್ಬದೊಳಗೆ ಹಿಡಿಸುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಮುಚ್ಚಳ ತೆಗೆದೆ. ಡಿಸ್ಕು ಕೂರಿಸುವ ತಗಡಿನ ಚೌಕಟ್ಟು ಅಡ್ಡ ಬರುತ್ತದೆ, ಬಿಚ್ಚಬೇಕಾಗುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ನೋಡಿದರೆ ಚೌಕಟ್ಟೇ ಇರಲಿಲ್ಲ. ಅದು ಇರಬೇಕಾದ ಮೂಲೆಯಲ್ಲಿ ಅಣ್ಣನ ಸುಣ್ಣದ ಡಬ್ಬಿ ಅಂಟಿಸಿತ್ತು; ಹಳೆಯ ಕಾರ್ಡು ಬಿಚ್ಚುವ ಗಡಿಬಿಡಿಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತೆರೆದರೆ ಆ ಚೌಕಟ್ಟಿನ ನಾಲ್ಕು ಸ್ಕ್ರೂ. ಕಾರ್ಡನ್ನು ತಡಕಾಡದೆ ಒಂದೇ ಸಲಕ್ಕೆ ಕೂರಿಸಿದೆ. ಸರಿಯಾಗಿ ಅಷ್ಟೇ ಜಾಗವಿತ್ತು.

ನಾನು ಡಬ್ಬಿಯನ್ನು ಅವ್ವನಿಗೆ ಕೊಟ್ಟೆ. ಅಲ್ಲಾಡಿಸಿ ನೋಡಿದಳು.

“ಮುಂದ ಹಾಕೋತ ಹೋಗ್ಯಾನ ಅಂದುಕೊಂಡಿದ್ವಿ. ಜಾಗಾ ಮಾಡಿ ಇಟ್ಟಾನಲ್ಲೋ.” ಆಮೇಲೆ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, “ಹಚ್ಚು,” ಎಂದಳು.

ನೀಲಿ ಲಾರಿ ಘಾಟಿನಲ್ಲೇ ಇತ್ತು. ಈಗ ರಸ್ತೆಯ ನೀರಿನಲ್ಲಿ ದೀಪದ ಬೆಳಕೂ ಕಾಣುತ್ತಿತ್ತು. ಅವ್ವ ಮುಂದಕ್ಕೆ ಬಾಗಿ, “ಅಲ್ಲೆ ಮಳಿ ಆಗೇತೇನು?” ಎಂದಳು. ಮೊದಲೂ ಆಗಿತ್ತು, ಹಳೆಯ ಕಾರ್ಡಿನಲ್ಲಿ ನಮಗೆ ಕಂಡಿರಲಿಲ್ಲ ಅಷ್ಟೇ. ಘಾಟು ಇಳಿದೆ, ಊರು ದಾಟಿದೆ, ಡೈರಿಯ ಗೇಟಿನಲ್ಲಿ ತಿರುಗಿಸುವಾಗ ಮಾತ್ರ ಕಂಬಕ್ಕೆ ತಾಗಿಸಿದೆ.

“ನೋಡು! ಕಂಪ್ಯೂಟರಿಗೆ ತಟ್ಟು ಹೊದಸಾಂವನ ಕೈಯಾಗ ಗಾಡಿ ಕೊಟ್ರ ಹಿಂಗ ಆಕ್ಕೈತಿ,” ಎಂದಳು ಅವ್ವ. “ಹಿಂದಕ್ಕ ತಗೋ. ಸಾವಕಾಶ. ಹಾಲಂತೂ ಒಡದಿಲ್ಲ.”