ಗೋದಾಮಿನ ಹಲಗೆಯಿಂದ ನಾನು ಅಳಿಸಿದ ಸಾಲು

ನಾನು ಕಲಾವಿದನಲ್ಲ. ಹತ್ತನೆಯ ತರಗತಿ ಪಾಸಾಗಿ ಆಳಂದದ ಒಂದು ದಾಲ್ ಮಿಲ್ಲಿನಲ್ಲಿ ಕಾರಕೂನನಾಗಿ ಸೇರಿದವನು, ಕೂದಲು ನೆರೆಯುವ ತನಕ ಅಲ್ಲಿಯೇ ಕುಳಿತೆ. ಆದರೆ ನನ್ನ ಅಕ್ಷರಗಳು ದುಂಡಗಿದ್ದವು. ಆ ಒಂದೇ ಕಾರಣಕ್ಕೆ ಎಂಬತ್ತರ ದಶಕದಲ್ಲಿ ನಮ್ಮೂರ ಸುತ್ತಿನ ಚಿತ್ರಗಾರರು ನನ್ನನ್ನು ತಮ್ಮ ಕೂಟದ ಸೆಕ್ರೆಟರಿ ಮಾಡಿಕೊಂಡರು. ಮಾಡಬಾರದಿತ್ತು.

ಕೂಟಕ್ಕೆ ಸ್ವಂತ ಜಾಗ ಇರಲಿಲ್ಲ. ನಮ್ಮ ಮಿಲ್ಲಿನ ಸಾವುಕಾರರ ತೊಗರಿ ಗೋದಾಮೇ ನಮ್ಮ ಚಿತ್ರಶಾಲೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಕಳೆದ ಮೇಲೆ ನಿಂಬರ್ಗಾ, ನರೋಣಾ ಕಡೆಯ ತೊಗರಿ ಬಂದು ಚೀಲಗಳು ಸೂರಿನವರೆಗೆ ಏರುತ್ತಿದ್ದವು. ಮುಂಗಾರಿನ ಕಾರಹುಣ್ಣಿಮೆಯ ಹೊತ್ತಿಗೆ ಗೋದಾಮು ಖಾಲಿಯಾಗುತ್ತಿತ್ತು. ಅಲ್ಲಿಂದ ದೀಪಾವಳಿಯವರೆಗೆ ಅದು ನಮ್ಮದು. ನೆಲ ಗುಡಿಸಿ, ಗೋಡೆಗೆ ಸುಣ್ಣ ಬಳಿದು, ಕಂಬದಿಂದ ಕಂಬಕ್ಕೆ ತಂತಿ ಬಿಗಿದು ಚಿತ್ರಗಳನ್ನು ತೂಗುಹಾಕುತ್ತಿದ್ದೆವು. ಎಷ್ಟು ಗುಡಿಸಿದರೂ ಮೂಲೆಯಲ್ಲಿ ತೊಗರಿ ಹೊಟ್ಟಿನ ಧೂಳು ಉಳಿಯುತ್ತಿತ್ತು, ನೋಡಲು ಬಂದವರು ಸೀನುತ್ತಿದ್ದರು.

ಒಟ್ಟು ಏಳು ಮಂದಿ. ಅಫಜಲಪುರದಿಂದ ಬಸ್ಸಿಗೆ ಬರುವ ಡ್ರಾಯಿಂಗ್ ಮಾಸ್ತರರು, ಜೇವರ್ಗಿಯ ಒಬ್ಬ ಕುಂಬಾರ, ಟಾಕೀಸಿಗೆ ಬ್ಯಾನರ್ ಬರೆಯುವ ಅಣ್ಣತಮ್ಮ, ಫೋಟೋ ಸ್ಟುಡಿಯೋದವನು, ಅಂಗಡಿಗಳ ಬೋರ್ಡ್ ಬರೆಯುವ ನನ್ನ ಗೆಳೆಯ, ಮತ್ತು ನಾನು. ಯಜಮಾನ ಅಂತ ಯಾರೂ ಇರಲಿಲ್ಲ, ಎಲ್ಲ ಕೂಡಿ ನಿರ್ಧಾರ. ವರ್ಷಕ್ಕೆ ಆರು ಪ್ರದರ್ಶನ. ಯುಗಾದಿಯ ಮರುದಿನ ಬಣ್ಣದ ಖಾಲಿ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುತ್ತಿದ್ದೆವು. ಅಣ್ಣತಮ್ಮನದು ಕೂಡಿ ಒಂದು ಎಂದು ಹಿಡಿದು ಐದು ನಮ್ಮವರಿಗೆ, ಪಂಚಮಿಯದೊಂದು ಶಾಲೆಯ ಮಕ್ಕಳಿಗೆ. ಯಾರಾದರೂ ತಮ್ಮ ಸರದಿ ಬಿಟ್ಟುಕೊಟ್ಟರೆ ಮರುವರ್ಷ ಚೀಟಿಯಿಲ್ಲದೆ ಮೊದಲನೆಯದು, ಅಂದರೆ ಕಾರಹುಣ್ಣಿಮೆಯ ಪ್ರದರ್ಶನ, ಅವರದು. ಇದು ನಮ್ಮ ಕಾನೂನು.

ಗೋದಾಮಿನ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ. ಅದರ ನೆತ್ತಿಯ ಮೇಲೆ ‘ಮುಂಬರುವ ಪ್ರದರ್ಶನಗಳು’ ಎಂದು ಗೆಳೆಯನೇ ಎಣ್ಣೆ ಬಣ್ಣದಲ್ಲಿ ಬರೆದಿದ್ದ. ಕೆಳಗಿನ ಆರು ಸಾಲು, ಪ್ರದರ್ಶನಕ್ಕೊಂದರಂತೆ, ನಾನು ಸೀಮೆಸುಣ್ಣದಲ್ಲಿ ಬರೆಯಬೇಕು.

ಗೆಳೆಯ ನನಗಿಂತ ಎರಡು ವರ್ಷ ದೊಡ್ಡವನು. ಏಳನೆಯ ತರಗತಿಯವರೆಗೆ ಒಂದೇ ಶಾಲೆ, ಆಮೇಲೆ ಅವನು ಬ್ರಶ್ ಹಿಡಿದ. ಆಳಂದದಿಂದ ಜೇವರ್ಗಿಯವರೆಗೆ, ಅದರಾಚೆ ಇಜೇರಿಯವರೆಗೂ ಬಸ್ಸಿನಲ್ಲಿ ತಿರುಗಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ದವಾಖಾನೆಗಳ ಬೋರ್ಡ್ ಬರೆಯುತ್ತಿದ್ದ. ಅಂಗಡಿಯವರು ಕಳಚಿ ಎಸೆದ ಹಳೆಯ ತಗಡುಗಳನ್ನು ಕೇಳಿ ತಂದು, ಒಂದೇ ಅಳತೆಗೆ ಕತ್ತರಿಸಿ, ಅವುಗಳ ಬೆನ್ನಿನ ಮೇಲೆ ತನ್ನ ಚಿತ್ರ ಬರೆಯುತ್ತಿದ್ದ. ಬರೆದದ್ದು ಆ ರಸ್ತೆಯನ್ನೇ. ಒಂದು ತಗಡಿನ ಬಲ ಅಂಚಿನಲ್ಲಿ ಬಿಟ್ಟ ರಸ್ತೆ ಮುಂದಿನ ತಗಡಿನ ಎಡ ಅಂಚಿನಲ್ಲಿ ಶುರುವಾಗಬೇಕು. ಆಳಂದದಿಂದ ಇಜೇರಿಯವರೆಗೆ ಇಪ್ಪತ್ನಾಲ್ಕು ತಗಡು ಅಂತ ಅವನ ಲೆಕ್ಕ.

ಮೊದಲ ವರ್ಷ ಅವನಿಗೆ ಮಹಾನವಮಿಯ ಚೀಟಿ ಬಂತು. ಆಗ ಸಾವುಕಾರರು ತಮ್ಮ ಸೊಸೆಯ ಕಸೂತಿಯನ್ನು ಮಹಾನವಮಿಗೆ ಇಡಬೇಕು ಅಂದರು. ಇದು ಅವರೇ ಆಡಿದ ಮಾತು. ಗೆಳೆಯನಿಗೆ ಹೇಳಿದೆ.

"ಇಡಲಿ ಬಿಡಲೇ. ಗೋದಾಮು ಅವರದು, ಸೊಸಿ ಅವರಾಕಿ. ನಂದು ರಸ್ತಾ. ಅದೇನ ಎದ್ದು ಓಡಿ ಹೋಗ್ತದೇನು?" ಎಂದ. ಸೊಸೆಯ ಪ್ರದರ್ಶನದ ಬಟ್ಟೆ ಬ್ಯಾನರನ್ನೂ ಅವನೇ ಬರೆದುಕೊಟ್ಟ.

ಎರಡನೆಯ ವರ್ಷ ಮೊದಲ ಸಾಲು ಅವನದಾಯಿತು. ಆ ವರ್ಷ ತೊಗರಿಗೆ ದರ ಬರಲಿಲ್ಲವೆಂದು ಸಾವುಕಾರರು ಮಾಲು ಹಿಡಿದಿಟ್ಟರು. ಕಾರಹುಣ್ಣಿಮೆ ಬಂತು, ಚೀಲಗಳು ಅಲುಗಲಿಲ್ಲ. ಆಷಾಢ ಹಿಡಿದ ಮೇಲೆಯೇ ಗೋದಾಮು ತೆರವಾದದ್ದು. ಅಷ್ಟರಲ್ಲಿ ಅವನ ಸರದಿ ಕಳೆದಿತ್ತು, ಉಳಿದ ಸಾಲುಗಳು ಬೇರೆಯವರವು. ಕೂಟದಲ್ಲಿ ಎಲ್ಲರೂ ಅಯ್ಯೋ ಅಂದರು, ಯಾರೂ ತಮ್ಮ ಸಾಲು ಬಿಡಲಿಲ್ಲ. ಮರುವರ್ಷ ಮತ್ತೆ ಮೊದಲ ಸಾಲು ಇವನಿಗೇ ಎಂದು ಮಾತಾಯಿತು.

ಆ ಚಳಿಗಾಲದಲ್ಲಿ ಅವನು ಬಲಕ್ಕೆ ಇಟ್ಟ ಚಹಾದ ಕಪ್ಪನ್ನು ಎರಡು ಮೂರು ಸಲ ಒದ್ದ. ಓಣಿಯಲ್ಲಿ ಪಕ್ಕದಿಂದ ಬಂದ ಸೈಕಲ್ಲಿಗೆ ಗುದ್ದಿಸಿಕೊಂಡ. ನಾನೇ ಒತ್ತಾಯ ಮಾಡಿ ಸೊಲ್ಲಾಪುರದ ಕಣ್ಣಿನ ಡಾಕ್ಟರರ ಬಳಿ ಕಳಿಸಿದೆ, ಜೊತೆಗೂ ಹೋದೆ. ಒಳಗೆ ಅವನೊಬ್ಬನೇ ಹೋಗಿ ಬಂದ. ಮರಳುವ ಬಸ್ಸು ಅಕ್ಕಲಕೋಟ ದಾಟಿತು.

"ಏನಂದ್ರು?" ಎಂದೆ.

"ಕಾಚಬಿಂದು ಅಂತ. ನಡುವ ಕಾಣ್ತದ, ಸುತ್ತಲಿಂದು ಹೋಗ್ತದ. ಹೋದದ್ದು ತಿರುಗಿ ಬರಂಗಿಲ್ಲ. ಔಷಧ ಹಾಕ್ಕೋತ ಇದ್ರ ಜರಾ ತಡದು ಹೋಗ್ತದಂತ."

"ಎಷ್ಟು ದಿನ?"

"ಅದಕ್ಕೇನು ನಿನ್ನಂಗ ಹಲಗಿ ಬರದು ಇಟ್ಟಿರ್ತಾರೇನಲೇ, ಮುಂಬರುವ ಕತ್ತಲಿ ಅಂತ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆಮೇಲೆ ತಾನೇ ಹೇಳಿದ. "ತಗಡು ಎಲ್ಲಾ ಹೊರಸಿನ ಕೆಳಗ ಒಂದರ ಮ್ಯಾಲೊಂದ ಬಿದ್ದಾವ. ಕೂಡಿಸಿ ಒಮ್ಮೀನೂ ನೋಡಿಲ್ಲ ನಾ. ಗೋದಾಮಿನ ಬಾಗಲದಾಗ ನಿಂತು, ಈ ತುದಿಯಿಂದ ಆ ತುದಿ ತನಕ ಇಡೀ ರಸ್ತಾ ಒಮ್ಮಿಗೇ ನೋಡಬೇಕು. ಆಮ್ಯಾಲ ಹೋದ್ರ ಹೋಗ್ಲಿ. ಯಾರಿಗೂ ಹೇಳಬ್ಯಾಡ. ಕುಲ್ಡ ಬೋರ್ಡ್ ಬರೀತಾನಂದ್ರ ಯಾರ ಕರೀತಾರ ನನ್ನ?"

ಯಾರಿಗೂ ಹೇಳುವುದಿಲ್ಲ ಅಂದೆ. ಆ ಒಂದು ಮಾತನ್ನು ಮಾತ್ರ ಉಳಿಸಿಕೊಂಡೆ. ಅದನ್ನು ಹೇಳಿದ್ದರೇ ಒಳ್ಳೆಯದಿತ್ತು.

ಮೂರನೆಯ ವರ್ಷ ಯುಗಾದಿಗೆ ನಾನು ಹಲಗೆಯ ಮೊದಲ ಸಾಲಿನಲ್ಲಿ ಅವನ ಹೆಸರು ಬರೆದೆ. ಹದಿನೈದು ದಿನ ಕಳೆದಿರಬೇಕು, ಗುಲಬರ್ಗಾದ ಒಬ್ಬ ದೊಡ್ಡ ಚಿತ್ರಕಾರರು ಮಿಲ್ಲಿಗೆ ಯಾವುದೋ ಕೆಲಸಕ್ಕೆ ಬಂದವರು ಗೋದಾಮಿನ ಸುದ್ದಿ ಕೇಳಿ ಖುಷಿಯಾದರು. "ನಂದೂ ಇಡ್ರಿ. ಆದರ ಕಾರಹುಣ್ಣಿಮಿಗೇ ಆಗಬೇಕು, ಆಮ್ಯಾಲ ನಾ ಮುಂಬಯಿಗೆ ಹೋಗ್ತೇನಿ. ಕಾರ್ಡ್ ನಾನೇ ಛಾಪಸ್ತೇನಿ. ಸಂಚಾಲಕರು ಅಂತ ನಿಮ್ಮ ಹೆಸರೇ ಹಾಕಸ್ತೇನ್ರಿ," ಎಂದರು.

ನನ್ನ ಹೆಸರು ಅದುವರೆಗೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಮಿಲ್ಲಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ. ಏ ಕಾರಕೂನ ಅಂದರೆ ನಾನು ಏಳುತ್ತಿದ್ದೆ. ಆಗಲಿ ಅಂದುಬಿಟ್ಟೆ. ಕೂಟವನ್ನು ಕೇಳಲಿಲ್ಲ.

ಗೆಳೆಯನ ಮನೆಗೆ ಹೋಗಿ, ಇದು ಸಾವುಕಾರರ ಹಟ ಎಂದು ಹೇಳಿದೆ. "ಅವರ ಮಾತು ಮೀರಿದ್ರ ನನ್ನ ನೌಕರಿ ಹೋಗ್ತದ" ಎಂದೂ ಸೇರಿಸಿದೆ. ಅವರು ಆ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ಎಲ್ಲ ನನ್ನ ಸೃಷ್ಟಿ.

ಅವನು ಹತ್ತೊಂಬತ್ತನೆಯ ತಗಡಿಗೆ ಬಣ್ಣ ಹಾಕುತ್ತಿದ್ದ. ಬ್ರಶ್ ಕೆಳಗಿಟ್ಟ.

"ಬ್ಯಾರೆ ಯಾರರ ಸಾಲು ಬಿಡ್ತಾರೇನು, ಕೇಳಿದೇನಲೇ?"

"ಕೇಳೇನಿ. ಯಾರೂ ಒಲ್ಲಂದ್ರು."

ಇದೂ ಸುಳ್ಳು. ಕೇಳಿದರೆ ಸಾವುಕಾರರ ಹೆಸರಿನಲ್ಲಿ ನಾನಾಡಿದ ಸುಳ್ಳು ಹೊರಬೀಳುತ್ತಿತ್ತು. ಕಣ್ಣಿನ ಸಂಗತಿ ಹೇಳಿದ್ದರೆ ಮಾಸ್ತರರು ಆ ಕ್ಷಣವೇ ತಮ್ಮ ಸಾಲು ಬಿಡುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಅವನು ಕಣ್ಣು ಒತ್ತಿಕೊಂಡ.

"ನಿನ್ನ ಹೊಟ್ಟಿ ಮ್ಯಾಲ ಕಾಲಿಟ್ಟು ನಾ ಚಿತ್ರ ತೂಗಹಾಕಂಗಿಲ್ಲ. ಹೋಗಿ ಅಳಿಸು," ಎಂದ.

ಒದ್ದೆ ಬಟ್ಟೆಯಿಂದ ಅಳಿಸಿದೆ. ಕೂಟದವರಿಗೆ, ಅವನೇ ಸಾಲು ಬಿಟ್ಟುಕೊಟ್ಟ ಎಂದೆ. ಅಚ್ಚಾದ ಕಾರ್ಡುಗಳು ಬಂದವು. ನನ್ನ ಹೆಸರು ನೋಡಿದ ಸಂತೋಷ ಒಂದು ಹಗಲು ಇತ್ತು. ಮರುದಿನದಿಂದ ಒಂದೇ ಚಿಂತೆ: ಗೆಳೆಯ ಮತ್ತು ಸಾವುಕಾರರು ಎದುರುಬದರಾಗಬಾರದು. ಸಾವುಕಾರರು ಗೋದಾಮಿನ ಕಡೆ ಹೊರಟರೆ ನಾನು ಏನಾದರೂ ಕಾಗದ ಹಿಡಿದು ಅಡ್ಡ ನಿಲ್ಲುತ್ತಿದ್ದೆ. ಗೆಳೆಯ ಮಿಲ್ಲಿನ ರಸ್ತೆಗೆ ಬಂದರೆ ಚಹಾ ಕುಡಿಸುವ ನೆಪದಲ್ಲಿ ಬಸ್ ನಿಲ್ದಾಣಕ್ಕೆ ಎಳೆದೊಯ್ಯುತ್ತಿದ್ದೆ. ಒಂದು ಸುಳ್ಳಿಗೆ ಇಬ್ಬರನ್ನು ಕಾಯುವ ಕಾವಲುಗಾರನಾದೆ. ಸ್ವಂತ ಊರಿನ ನಾಲ್ಕು ಓಣಿಗಳಲ್ಲಿ ನಿರಾಳವಾಗಿ ನಡೆಯಲು ಆಗುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಸಾವುಕಾರರು ಮಿಲ್ಲಿಗೆ ಹೊಸ ಬೋರ್ಡ್ ಬರೆಸಬೇಕೆಂದರು. ನಾನು ಕೂಡಲೆ, "ಸೊಲ್ಲಾಪುರದಾಗ ಚಲೋ ಬರೀತಾರ್ರಿ," ಎಂದೆ. ಹೀಗೆ ಅವನ ಸಾಲನ್ನು ಕಿತ್ತುಕೊಂಡದ್ದಲ್ಲದೆ, ಅವನ ಕೆಲಸವನ್ನೂ ಕಿತ್ತುಕೊಳ್ಳಲು ಹೊರಟಿದ್ದೆ.

"ನಿಮ್ಮ ಕೂಟದಾಗೇ ಮನಶ್ಯಾ ಇದ್ದಾನಲ್ಲೋ? ಸೊಲ್ಲಾಪುರ ಯಾಕ? ಕರಿ ಅವನ್ನ," ಎಂದರು ಸಾವುಕಾರರು.

ಅವನು ಬಂದು ಏಣಿ ಹಾಕಿದ. ನನ್ನ ಖುರ್ಚಿಯ ಎದುರಿನ ಕಿಟಕಿಯಾಚೆಯೇ ಹಲಗೆ ಕಟ್ಟಿಕೊಂಡು ಕುಳಿತ. ಐದು ದಿನದ ಕೆಲಸ. ಐದು ದಿನವೂ ನಾನು ಪುಸ್ತಕದ ಮೇಲೆ ಪೆನ್ನು ಇಟ್ಟುಕೊಂಡು ಅವನ ಕಾಲುಗಳನ್ನು ನೋಡುತ್ತ ಕುಳಿತೆ. ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಸಾವುಕಾರರು ಕೈಯಲ್ಲಿ ಚಹಾ ಹಿಡಿದು ಹೊರಗೆ ಬಂದು ತಲೆಯೆತ್ತಿ ನೋಡಿದರು.

"ಕೊನೀ ಅಕ್ಷರ ಜರಾ ಕೆಳಗ ಇಳದಾವಲ್ಲೋ?"

"ತಿದ್ದತೇನ್ರಿ," ಎಂದ ಗೆಳೆಯ.

"ಇರ್ಲಿ. ಅಲ್ಲೋ, ನಿನ್ನ ಚಿತ್ರ ಗೋದಾಮಿನ್ಯಾಗ ಯಾವಾಗ ಇಡತಿ? ಮೂರು ವರ್ಷ ಆತು, ಹಲಗೀ ಮ್ಯಾಲ ನಿನ್ನ ಹೆಸರು ಬರ್ತದ, ಹೋಗ್ತದ."

"ನೀವ ಬ್ಯಾಡಂದ್ರಲ್ರಿ, ಈ ಸಲ."

"ನಾ? ನಾ ಯಾವಾಗ ಬ್ಯಾಡಂದೆ? ಸೊಸೀದೊಂದು ಕೇಳಿದ್ದೆ ಖರೆ. ಆಮ್ಯಾಲ ಆ ಕಡಿ ತಿರುಗೇ ನೋಡಿಲ್ಲ."

ಕಿಟಕಿಯಾಚೆ ಕಾಲುಗಳು ಅಲುಗಲಿಲ್ಲ. ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸುವ ಸಪ್ಪಳ ಕೇಳಿಸಿತು. "ಹಂಗಾದ್ರ ನಾನೇ ತಪ್ಪ ಕೇಳ್ಕೊಂಡಿರಬೇಕ್ರಿ," ಎಂದ ಅವನು. ನನ್ನ ನೌಕರಿ ಉಳಿಸಲು ಅಂದದ್ದೋ ಏನೋ, ಇಂದಿಗೂ ಗೊತ್ತಿಲ್ಲ.

ಸಂಜೆ ಏಣಿ ಇಳಿದು ಕಿಟಕಿಯ ಬಳಿ ಬಂದ. ಬೈಯುತ್ತಾನೆ, ಉಗುಳುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧನಾಗಿಯೂ ಇದ್ದೆ, ಒಂದು ರೀತಿಯಲ್ಲಿ ಬಯಸಿಯೂ ಇದ್ದೆ.

"ಕೆಲಸ ಮುಗದದ್ರಿ. ಸಾವ್ಕಾರ್ರಿಗೆ ಹೇಳ್ರಿ," ಎಂದು ಹೋದ. ಮೂವತ್ತು ವರ್ಷ ಲೇ ಅಂದವನು ಅಂದಿನಿಂದ ನನ್ನನ್ನು ಹೊರಗಿನವರಂತೆ ಮಾತಾಡಿಸಿದ. ಎಷ್ಟೋ ಸಲ ಅವನ ಮನೆಯ ಕಟ್ಟೆಯವರೆಗೆ ಹೋದೆ. "ಬರ್ರಿ, ಕೂಡ್ರಿ, ಚಾ ಕುಡೀರಿ," ಎನ್ನುತ್ತಿದ್ದ. ಆ ಮರ್ಯಾದೆಯ ಮುಂದೆ ತಪ್ಪು ಒಪ್ಪಿಕೊಳ್ಳುವ ಬಾಯಿ ನನಗೆ ಬರಲಿಲ್ಲ. ಅವನು ತೀರಿಹೋದ ಮೇಲೆ ಈಗ ಬರೆಯುತ್ತಿದ್ದೇನೆ, ಇದರಲ್ಲೂ ಧೈರ್ಯವೇನಿಲ್ಲ.

ನಾಲ್ಕನೆಯ ವರ್ಷ ಕಾರಹುಣ್ಣಿಮೆಗೆ ಗೋದಾಮು ಬೇಗ ತೆರವಾಯಿತು. ಮಾಸ್ತರರು, ಅಣ್ಣತಮ್ಮ, ಕುಂಬಾರ ಎಲ್ಲರೂ ಸೇರಿ ಇಪ್ಪತ್ನಾಲ್ಕು ತಗಡುಗಳನ್ನು ಅಂಚಿಗೆ ಅಂಚು ತಾಗಿಸಿ ಉದ್ದಕ್ಕೆ ಕಟ್ಟಿದರು. ಬೆಳಿಗ್ಗೆ ಹತ್ತರ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಿತ್ತು. ನೋಡುವವರು ಇನ್ನೂ ಬಂದಿರಲಿಲ್ಲ. ಕೂಟದವರು ಚಹಾಕ್ಕೆ ಹೋಗಿದ್ದರು. ಅವನು ಬಂದು ಬಾಗಿಲಲ್ಲಿ ನಿಂತ. ನಾನು ಪಕ್ಕದಲ್ಲಿದ್ದೆ.

ಅವನ ತಲೆ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿತು. ಮತ್ತೆ ಬಲದಿಂದ ಎಡಕ್ಕೆ. ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ, ಅಂಗಳಕ್ಕೇ ಇಳಿದು ನೋಡಿದ. ತಿರುಗಿ ಬಂದ.

"ಒಂದೊಂದ ಕಾಣ್ತಾವ್ರಿ," ಎಂದ. "ಒಂದು ಕಂಡ್ರ ಬಾಜೂಕಿಂದು ಹೋಗ್ತದ. ಹೋದ ವರ್ಷ ಇದಕ್ಕಿಂತ ಅಗಲ ಕಾಣ್ತಿತ್ತು."

ತಗಡುಗಳ ಕಡೆ ಕೈ ತೋರಿಸಿದ.

"ನೀವು ನೋಡಿ ಹೇಳ್ರಿ. ರಸ್ತಾ ಕೂಡ್ಯದೇನು, ಆ ತುದಿ ತನಕ?"

ನೋಡಿದೆ. ನರೋಣಾದ ತಿರುವು, ಗುಲಬರ್ಗಾದ ಹೊರವಲಯ, ಭೀಮಾ ನದಿಯ ಸೇತುವೆ, ಎಲ್ಲ ಒಂದೇ ಎಳೆಯಲ್ಲಿ ಹರಿದುಬಂದಿತ್ತು. ಹತ್ತೊಂಬತ್ತನೆಯ ತಗಡಿನಿಂದ ಆಚೆ ಕೂಡಿರಲಿಲ್ಲ. ಒಂದರಲ್ಲಿ ರಸ್ತೆ ಮೇಲೆ ಮುಗಿದರೆ ಮುಂದಿನದರಲ್ಲಿ ನಾಲ್ಕು ಬೆರಳು ಕೆಳಗೆ ಶುರುವಾಗುತ್ತಿತ್ತು. ಅವು ನಾನು ಕಾಯಿಸಿದ ವರ್ಷದಲ್ಲಿ ಬರೆದವು.

"ಕೂಡ್ಯದ," ಎಂದೆ.

ಅವನು ನನ್ನ ಕಡೆ ತಿರುಗಿದ. ಅವನಿಗೆ ಕಾಣುತ್ತಿದ್ದದ್ದು ನಡುವಿನಷ್ಟೇ. ಆ ನಡುವಿನಲ್ಲಿ ಆಗ ನನ್ನ ಮುಖವಿತ್ತು.

ಆಮೇಲೆ ಒಳಗೆ ಹೋದ. ತಗಡುಗಳ ಅಂಚನ್ನು ಬೆರಳಿನಿಂದ ಸವರುತ್ತ, ಪ್ರತಿ ಸೇರಿಕೆಗೂ ಮುಖ ಹಚ್ಚಿ ನೋಡುತ್ತ ನಡೆದ. ಹತ್ತೊಂಬತ್ತರ ಬಳಿ ನಿಂತ. ಬೆರಳು ಅಲ್ಲಿಯೇ ಬಹಳ ಹೊತ್ತು ಇತ್ತು. ಅಷ್ಟರಲ್ಲಿ ಕೂಟದವರು ಬಂದರು, ಹಿಂದೆಯೇ ಮಾರ್ಕೆಟ್ಟಿನ ಜನ, ಶಾಲೆಯ ಮಕ್ಕಳು. ಬಂದವರನ್ನು ಅವನೇ ಕರೆದೊಯ್ದು ತೋರಿಸಿದ. ಆ ಜಾಗಕ್ಕೆ ಬಂದಾಗಲೆಲ್ಲ, "ಇಲ್ಲಿಂದ ಆ ಕಡಿ ರಸ್ತಾ ಕೂಡಂಗಿಲ್ರಿ. ತಗ್ಗ ಅದ, ನೋಡ್ಕೊಂಡು ಕಾಲಿಡ್ರಿ," ಎನ್ನುತ್ತಿದ್ದ. ಜನ ನಗುತ್ತಿದ್ದರು.

ಮೂರು ದಿನ ಪ್ರದರ್ಶನ. ಮೂರು ದಿನವೂ ನಾನು ಬಾಗಿಲಲ್ಲಿ ನಿಂತು, ಬಂದವರ ಹೆಸರು ಬರೆದುಕೊಳ್ಳುತ್ತ, ಆ ಮಾತನ್ನು ಕೇಳುತ್ತಿದ್ದೆ.