ಆದೆಮ್ಮ ತೋರಿಸಿದ ಹೊಂಡ

ದೇವದುರ್ಗದಿಂದ ನಾಟಿ ಕೂಲಿಗೆಂದು ಪೋತ್ನಾಳಕ್ಕೆ ಬಂದ ಆದೆಮ್ಮ, ಅಲ್ಲಿನ ದುರುಗಪ್ಪನನ್ನು ಮದುವೆಯಾಗಿ ಅಲ್ಲೇ ಉಳಿದಳು. ಊರಿನ ರೈತರ ಸಹಕಾರಿ ಅಕ್ಕಿ ಗಿರಣಿಯ ಅಂಗಳದಲ್ಲಿ ಹನ್ನೊಂದು ವರ್ಷ ಭತ್ತ ಒಣಗಿಸಿದಳು. ಗಂಡನ ಎರಡೆಕರೆಯ ಮೇಲಿನ ಗಿರಣಿ ಷೇರು ಅವಳ ಹೆಸರಿನಲ್ಲಿತ್ತು. ೧೯೮೩ರಲ್ಲಿ ಗಿರಣಿಯ ಆಡಳಿತ ಮಂಡಳಿಗೆ ಒಬ್ಬ ಹೆಣ್ಣುಮಗಳು ಬೇಕಾದಾಗ, ಎದುರು ಮಾತಾಡುವವಳಲ್ಲ ಎಂದುಕೊಂಡು ಅವಳನ್ನು ಆರಿಸಿದರು.

ಮೊದಲ ಸಭೆಯಲ್ಲಿ ಅವಳು ಬಾಗಿಲ ಬಳಿ ನೆಲದ ಮೇಲೆ ಕೂತಳು. ಅಧ್ಯಕ್ಷ ಶಂಭುಲಿಂಗಪ್ಪನವರು ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. "ಇಲ್ಲಿ ಕೂಡಬೇಕವ್ವ. ನೀನೂ ಡೈರೆಕ್ಟರ್."

ಸಭೆಯ ಠರಾವುಗಳನ್ನು ಓದಿ ಮುಗಿಸಿ ಹೆಬ್ಬೆಟ್ಟಿನ ಶಾಯಿಯನ್ನು ಮುಂದೆ ತಂದಾಗ ಅವಳು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಳು. "ಎಲ್ಲಾ ಓದಿದ್ರಿ ಯಪ್ಪಾ. ಭತ್ತ ಕುದಿಸಿದ ಕರಿನೀರು ಹಳ್ಳಕ್ಕ ಹೋಗಾಕತ್ತದ. ಅದರ ಮಾತು ಇದರಾಗ ಎಲ್ಲದ?"

"ಅದು ಮ್ಯಾನೇಜರ್ ಕೆಲಸ," ಎಂದರು ಇನ್ನೊಬ್ಬ ಡೈರೆಕ್ಟರ್ ಗಡಿಗೆಪ್ಪ.

"ಮ್ಯಾನೇಜರು ಗಿರಣಿ ನಡಸ್ತಾರ್ರಿ. ನೀರು ಎಲ್ಲಿಗೆ ಹೋಗಬೇಕು ಅನ್ನೋದು ನಾವು ಹೇಳಬೇಕಲ್ರಿ. ಈಗೀಗ ಮಳಿ ಕಮ್ಮಿಯಾಗಿ ಹಳ್ಳ ಸಣ್ಣದಾಗ್ಯದ. ಮೊದಲಿನಂಗ ಹೊಲಸು ಹೊತ್ಕೊಂಡು ಹೋಗಂಗಿಲ್ಲ."

ಆ ಹಳ್ಳದಲ್ಲೇ ಈಜು ಕಲಿತಿದ್ದ ಶಂಭುಲಿಂಗಪ್ಪನವರು ತಲೆ ತಗ್ಗಿಸಿದರು. ಮರುವಾರ ಅವಳನ್ನೂ ಗಿರಣಿಯ ಕಟ್ಟಡ ಕೆಲಸದ ಮೇಸ್ತ್ರಿಯನ್ನೂ ಕರೆದುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ಹೋದರು. ಅಲ್ಲಿನ ಒಂದು ಗಿರಣಿಯಲ್ಲಿ ಕರಿನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಬಿಡುತ್ತಿದ್ದರು. ಬರುವಾಗ ಮಾನ್ವಿ ಸ್ಟ್ಯಾಂಡಿನಲ್ಲಿ ಮೂವರೂ ಮಿರ್ಚಿ ತಿಂದರು.

ಪೋತ್ನಾಳದಲ್ಲೂ ಎರಡು ಹೊಂಡ ತೋಡುವುದೆಂದು ಠರಾವಾಯಿತು. ತಿಂಗಳಿಗೊಮ್ಮೆ ಹಳ್ಳ ನೋಡಿಬಂದು, ಸಭೆಯ ಮೊದಲ ಮಾತಾಗಿ ಅದನ್ನು ಹೇಳುವ ಹೊಣೆ ಆದೆಮ್ಮನದಾಯಿತು. ಹೊಂಡದ ಜಾಗವನ್ನೂ ಅವಳೇ ತೋರಿಸಿದಳು.

ಮರುವರ್ಷದ ದೊಡ್ಡ ಮಳೆಗೆ ಹೊಂಡದ ಒಡ್ಡು ಒಡೆಯಿತು. ಕರಿನೀರು ಹೀರಾಬಿಯ ಮನೆಗೆ ನುಗ್ಗಿ ಜೋಳದ ಚೀಲಗಳು ನೆನೆದವು. ಅಂಗಳದಲ್ಲಿ ಆದೆಮ್ಮನ ಪಕ್ಕದಲ್ಲೇ ಇಷ್ಟು ವರ್ಷ ಭತ್ತ ಕೆದರಿದ್ದ ಹೀರಾಬಿ ನಾಲ್ಕು ದಿನ ಮಾತು ಬಿಟ್ಟಳು.

ಸಭೆಯಲ್ಲಿ ಮ್ಯಾನೇಜರು ತಪ್ಪನ್ನು ಮೇಸ್ತ್ರಿಯ ಮೇಲೆ ಹಾಕಿ ಬರೆದು ತಂದಿದ್ದರು. ಓದಿ ಮುಗಿಯುವ ಮೊದಲೇ ಆದೆಮ್ಮ ಎದ್ದು ನಿಂತಳು.

"ಮೇಸ್ತ್ರಿ ಬ್ಯಾಡಂದಿದ್ದ. ತಗ್ಗಿನ ಜಾಗ ತೋರಿಸಿದಾಕಿ ನಾನು. ಹಂಗ ಬರೀರಿ."

ಗಡಿಗೆಪ್ಪ ಕೆಮ್ಮಿದರು. "ನಂದೂ ಬರ್ಕೊಳ್ರಿ. ಗಿರಣಿ ಒಲಿಯ ಹೊಟ್ಟಿನ ಬೂದಿ ನಮ್ಮ ಬಂಡಿಯೊಳಗ ಹಳ್ಳಕ್ಕ ಹಾಕಿಸಿದವ ನಾನು."

ಅವತ್ತಿನಿಂದ ಆ ಸಭೆಯಲ್ಲಿ ಜನ ಇದ್ದದ್ದನ್ನು ಇದ್ದಂತೆ ಹೇಳತೊಡಗಿದರು. ಹೊಸ ಹೊಂಡ ಎತ್ತರದ ಜಾಗದಲ್ಲಿ ತಯಾರಾಯಿತು. ಬೂದಿ ಇಟ್ಟಿಗೆ ಭಟ್ಟಿಗೆ ಹೋಯಿತು. ಶಂಭುಲಿಂಗಪ್ಪನವರು ಹೀರಾಬಿಯ ಮನೆಗೆ ತಾವೇ ಜೋಳದ ಬಂಡಿ ಹೊಡೆದುಕೊಂಡು ಹೋದರು. ಹಿಂದೆ ಕೂತಿದ್ದ ಆದೆಮ್ಮನನ್ನು ಹೀರಾಬಿ ಬೈಯುತ್ತಲೇ ಒಳಗೆ ಕರೆದಳು, ಬೈಯುತ್ತಲೇ ಚಹಾ ಕೊಟ್ಟಳು.

ಹಳ್ಳವೇನೂ ಪೂರ್ತಿ ತಿಳಿಯಾಗಲಿಲ್ಲ. ಆದರೆ ಎಮ್ಮೆಗಳು ಮತ್ತೆ ನೀರಿಗಿಳಿದವು, ಮೀನುಗಳೂ ಕಂಡವು. ಆರು ವರ್ಷ ಡೈರೆಕ್ಟರಾಗಿದ್ದ ಆದೆಮ್ಮ ೧೯೮೯ರಲ್ಲಿ ತಾನಾಗಿಯೇ ಬಿಟ್ಟಳು. ಆ ಜಾಗಕ್ಕೆ ಹೀರಾಬಿ ಬಂದಳು. ಅವಳ ಮೊದಲ ಸಭೆಯ ಹಿಂದಿನ ದಿನ ಇಬ್ಬರೂ ಹೊಂಡದ ಸುತ್ತ ನಡೆದರು. ಒಡ್ಡು ಎಲ್ಲೆಲ್ಲಿ ಮೆತ್ತಗಿದೆಯೆಂದು ಆದೆಮ್ಮ ಕಾಲಿನಿಂದ ಒತ್ತಿ ಒತ್ತಿ ತೋರಿಸಿದಳು.