ಕಲಾಯಿಯವನ ಕಥೆ ಸಿನಿಮಾ ಆದಾಗ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಹಳ್ಳಿಯೊಂದರ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಹುಟ್ಟಿ ಬೆಳೆದದ್ದು ಮಂಡ್ಯದಲ್ಲಿ. ಅದು ನನ್ನ ಮೊದಲ ಕೆಲಸ, ಆಗಿನ್ನೂ ಇಪ್ಪತ್ತಮೂರು ವಯಸ್ಸು. ಒಂಟಿ ಹೆಣ್ಣುಮಗಳೆಂದು ಊರಿನ ಯಜಮಾನರ ಮನೆಯ ಹಜಾರಕ್ಕೆ ಹೊಂದಿಕೊಂಡ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಮನೆಯಲ್ಲಿ ಯಜಮಾನರು, ಅವರ ಹೆಂಡತಿ ಮತ್ತು ಎಪ್ಪತ್ತು ದಾಟಿದ ಅವರ ತಾಯಿ ಇದ್ದರು. ಆ ಅಜ್ಜಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಭಾನುವಾರ ಮಧ್ಯಾಹ್ನ ನನ್ನ ಕೋಣೆಯ ಹೊಸ್ತಿಲಲ್ಲಿ ಕುಳಿತು, "ಏನಾರ ಓದು ಮಗಾ," ಅನ್ನುತ್ತಿದ್ದರು. ವಾರಪತ್ರಿಕೆಯ ಧಾರಾವಾಹಿಗಳನ್ನು ಓದುತ್ತಿದ್ದೆ. ಪಠ್ಯಪುಸ್ತಕವನ್ನು ಅವರಿಗೆ ಓದಿ ಹೇಳಬೇಕೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಏಳನೆಯ ತರಗತಿಯ ಪುಸ್ತಕದಲ್ಲಿ ಒಂದು ಹಳೆಯ ಕಥೆಯಿತ್ತು. ಬರೆದವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನೊಬ್ಬ ಹೆಗಲ ಮೇಲೆ ಚರ್ಮದ ತಿದಿ ಹೊತ್ತು ಒಂದು ಹಳ್ಳಿಗೆ ಬರುತ್ತಾನೆ. ಅರಳಿಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿಯೊತ್ತುತ್ತಾನೆ. ಎಲ್ಲ ಮನೆಗಳಿಂದಲೂ ಪಾತ್ರೆಗಳು ಬರುತ್ತವೆ. ಸಂಜೆ ಒಂದು ಮನೆಯವರ ದೊಡ್ಡ ತಪ್ಪಲೆ ಲೆಕ್ಕಕ್ಕೆ ಸಿಗುವುದಿಲ್ಲ. ಗಂಡಸರು ಸುತ್ತ ಸೇರುತ್ತಾರೆ. ಅಲ್ಲಿಗೆ ಆ ಭಾಗ ಮುಗಿಯುತ್ತದೆ. ಮುಂದಿನ ಪುಟದಲ್ಲಿ ಅವನ ಹೆಂಡತಿ ಅವನನ್ನು ಹುಡುಕಿಕೊಂಡು ಬರುತ್ತಾಳೆ. ಪ್ರತಿ ಮನೆಯವರೂ ಅವಳನ್ನು ಕೂರಿಸಿ, ಊಟ ಕೊಟ್ಟು, ಅವನು ಬೆಳಿಗ್ಗೆಯೇ ಹೊರಟುಹೋದ ಅನ್ನುತ್ತಾರೆ. ಅವಳು ಮುಂದಿನ ಊರಿನ ದಾರಿ ಹಿಡಿಯುತ್ತಾಳೆ. ಏನು ನಡೆಯಿತೆಂದು ಕಥೆಯಲ್ಲಿ ಎಲ್ಲೂ ಹೇಳಿಲ್ಲ. ನಾನು ಮಕ್ಕಳಿಗೆ, ಹೇಳದೆ ಬಿಟ್ಟದ್ದೇ ಈ ಕಥೆಯ ಸೊಗಸು ಎಂದು ಪಾಠ ಮಾಡುತ್ತಿದ್ದೆ.

ಆ ಕಥೆ ಸಿನಿಮಾ ಆಯಿತು. ಪ್ರಶಸ್ತಿ ಬಂದ ಕಪ್ಪು-ಬಿಳುಪಿನ ಚಿತ್ರ. ಮದ್ದೂರಿನ ಟಾಕೀಸಿಗೆ ಬಂದಿದೆಯೆಂದು ತಿಳಿದಾಗ ನನಗೆ ಹುರುಪು. ನಿಮ್ಮ ಮಕ್ಕಳ ಪಾಠವೇ ಸಿನಿಮಾ ಆಗಿದೆ ಎಂದು ಊರಿನ ಹೆಂಗಸರಿಗೆ ಹೇಳಿದೆ. ಒಂದು ಭಾನುವಾರ ಹನ್ನೊಂದು ಜನ ಹೆಂಗಸರು ನನ್ನ ಜೊತೆ ಮ್ಯಾಟಿನಿಗೆ ಹೊರಟರು. ಅಜ್ಜಿಯೂ ಬರುತ್ತೇನೆಂದು ಹಟ ಹಿಡಿದರು. "ಕಣ್ಣು ಕಾಣ್ದಿದ್ರೆ ಏನಾಯ್ತು, ಮಾತು ಕೇಳುಸ್ತದಲ್ಲ," ಅಂದರು. ಯಾವ ಕಥೆಯೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೆಂಗಸರ ಬೆಂಚುಗಳಲ್ಲಿ ಎರಡು ಸಾಲು ನಮ್ಮದೇ. ಅಜ್ಜಿ ನನಗೂ ಅವರ ಸೊಸೆಗೂ ನಡುವೆ ಕುಳಿತಿದ್ದರು. ಹಾಡಿಲ್ಲದ, ಹೊಡೆದಾಟವಿಲ್ಲದ ಸಿನಿಮಾ. ಅರ್ಧ ಗಂಟೆಯಾದರೂ ಕಲಾಯಿಯವನು ಬಾಯಿ ಬಿಡಲಿಲ್ಲ, ಅವನ ತಿದಿ ಉಸಿರಾಡುವ ಸದ್ದೊಂದೇ. ನೆಲದಲ್ಲಿ ಕುಳಿತವರು ಶಿಳ್ಳೆ ಹಾಕಿದರು. "ಇವ್ನು ಮೂಗನೇನ್ಲಾ?" ಎಂದು ಒಬ್ಬ. "ಎದ್ದು ನಡೀಲಾ, ಗದ್ದೆಗಾರ ಓಗವ," ಎಂದು ಇನ್ನೊಬ್ಬ. ನಗು. ಕೆಲವರು ಎದ್ದೂ ಹೋದರು. ನಮ್ಮ ಸಾಲಿನವರೂ ಕಡಲೆಕಾಯಿ ಬಿಡಿಸುತ್ತ ಆಕಳಿಸುತ್ತಿದ್ದರು. ಇಂಥ ಚಿತ್ರಕ್ಕೆ ಕರೆತಂದೆನಲ್ಲ ಎಂದು ನನಗೆ ಮುಜುಗರ.

ತಪ್ಪಲೆ ಕಾಣೆಯಾಯಿತೆಂದು ಪರದೆಯ ಮೇಲೆ ಒಬ್ಬ ಹೇಳಿದ. ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು. ನಾನು ಅದನ್ನು ಗಮನಿಸಿದೆ. ಸಿನಿಮಾ ಈಗ ಹಿಡಿಯಿತು ಎಂದುಕೊಂಡೆ.

ಹೊಡೆತವನ್ನು ತೋರಿಸಲಿಲ್ಲ. ಸುತ್ತ ನಿಂತ ಗಂಡಸರ ಮುಖಗಳನ್ನು ಒಂದೊಂದಾಗಿ ತೋರಿಸಿದರು, ಅಷ್ಟೆ. ಆಮೇಲೆ ನಸುಕಿನಲ್ಲಿ ಇಬ್ಬರು ಆ ತಿದಿಯನ್ನು ಹೊತ್ತು ತಂದು ಒಂದು ಬಾವಿಗೆ ಎಸೆದರು. ಕಥೆಯಲ್ಲಿ ಇಲ್ಲದ್ದನ್ನು ಹೀಗೆ ಬಿಡಿಸಿ ತೋರಿಸಬೇಕಿತ್ತೇ ಎಂದು ನಾನು ಮನಸ್ಸಿನಲ್ಲೇ ಸಿಡುಕುತ್ತಿದ್ದೆ. ಕಣ್ಣು ಕಾಣದ ಅಜ್ಜಿ ನೀರಿನ ಸದ್ದು ಕೇಳಿ ಸೊಸೆಯನ್ನು ಕೇಳಿದರು: "ಏನದು ಬಿದ್ದದ್ದು?"

"ತಿದಿ ಕಣತ್ತೆ. ಬಾವಿಗಾಕುದ್ರು."

"ಬಾವಿಗಾಕ್ಲಿಲ್ಲ," ಎಂದರು ಅಜ್ಜಿ. ಪಿಸುಮಾತಲ್ಲ. ಅಂಗಳದಲ್ಲಿ ಕುಳಿತು ಹೇಳುವ ಹಾಗೆ ಹೇಳಿದರು. "ಕಟ್ಟೆಗಾಕುದ್ರು." ಊರಾಚೆ ದನಗಳಿಗೆ ನೀರು ಕುಡಿಸುವ ಸಣ್ಣ ಕೆರೆಯನ್ನು ನಮ್ಮೂರಿನವರು ಕಟ್ಟೆ ಎನ್ನುತ್ತಿದ್ದರು.

ಸೊಸೆಯ ಕೈ ಅಜ್ಜಿಯ ತೊಡೆಯನ್ನು ಒತ್ತಿ ಹಿಡಿಯಿತು. ಮುಂದಿನ ಸಾಲಿನಲ್ಲಿದ್ದ ನಮ್ಮೂರಿನ ಹೆಂಗಸರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ನಾನು ಅದನ್ನು ಮುದುಕಿಯ ಅರಳುಮರುಳೆಂದು ಮರೆತುಬಿಡುತ್ತಿದ್ದೆನೇನೋ. ಅವರು ಕತ್ತು ಬಿಗಿಹಿಡಿದು ಪರದೆಯನ್ನೇ ನೋಡುತ್ತಿದ್ದರು. ಕಲಾಯಿಯವನ ಹೆಂಡತಿ ಮನೆಮನೆಗೂ ಹೋಗುವಾಗ ಟಾಕೀಸಿನ ಬೇರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಸಾಲುಗಳಲ್ಲಿ ಯಾರೂ ಅಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಸಿನಿಮಾದ ಮಾತೇ ಏಳಲಿಲ್ಲ. ಹೋಗುವಾಗ ಹರಟಿದವರು ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಯಜಮಾನರು ನನ್ನ ಕೋಣೆಯ ಮುಂದೆ ನಿಂತರು. ಹಿಂದೆಂದೂ ಹಾಗೆ ಬಂದವರಲ್ಲ.

"ಎಂಗಿತ್ತು ಟೀಚರಮ್ಮ, ಸಿನಿಮಾ?"

"ಚೆನ್ನಾಗಿತ್ತು."

"ನಮ್ಮವ್ವ ಏನೋ ಅಂದ್ರಂತೆ."

"ಸೌಂಡ್ ಜೋರಾಗಿತ್ತು. ನನಗೇನೂ ಕೇಳಿಸಲಿಲ್ಲ."

ಅದು ಸುಳ್ಳು. ಯಾಕೆ ಹೇಳಿದೆನೆಂದು ಆಗ ನನಗೇ ಗೊತ್ತಿರಲಿಲ್ಲ. ಅವರು, "ವಯಸ್ಸಾಯ್ತು ಅವ್ರಿಗೆ," ಎಂದು ಹೇಳಿ ಹೋದರು.

ಆ ವಾರ ನಾನು ನೀರಿಗೆ ಹೋದರೆ ಬಾವಿಕಟ್ಟೆಯ ಮಾತು ನಿಲ್ಲುತ್ತಿತ್ತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಬದಲಿಗೆ, ಹಿಂದೆಂದೂ ಏನೂ ಕೊಡದ ಮನೆಗಳಿಂದ ನನಗೆ ಹಾಲು, ಅವರೆಕಾಯಿ, ಬೆಲ್ಲ ಬಂದವು. ಆ ಕಥೆಯಲ್ಲಿ ಊಟ ಕೊಡುವ ಮನೆಗಳು ನೆನಪಾಗಿ ಆ ಬೆಲ್ಲವನ್ನು ತಿನ್ನದೆ ಎತ್ತಿಟ್ಟೆ. ಒಂದು ಸಂಜೆ ಶಾಲೆಯಿಂದ ಬರುವಾಗ ಊರಿನ ಹಿರಿಯರೊಬ್ಬರು ಸೈಕಲ್ಲಿನಿಂದ ಇಳಿದು ನನ್ನ ಜೊತೆ ಸ್ವಲ್ಪ ದೂರ ನಡೆದರು. ಮಳೆ, ಬೆಳೆ ಎಂದು ಮಾತಾಡಿ, ಕೊನೆಗೆ, "ನೀವು ಏನೂ ಕೇಳಿಸ್ಕಂಡಿಲ್ಲ ಬುಡಿ," ಅಂದರು. ಪ್ರಶ್ನೆಯಲ್ಲ. ನನ್ನ ಉತ್ತರಕ್ಕೂ ಕಾಯಲಿಲ್ಲ.

ಮುಂದಿನ ಭಾನುವಾರ ಯಜಮಾನರು ಗದ್ದೆಗೆ ಹೋಗಿದ್ದಾಗ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಹೊಸ್ತಿಲಲ್ಲಿ ಕೂರದೆ ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರು.

"ಆ ಕತೆ ಓದು ಮಗಾ. ಪುಸ್ತಕದಲ್ಲಿರಾದು."

ಓದಿದೆ. ಹೆಂಡತಿ ಊರಿಗೆ ಬರುವ ಭಾಗ ಮುಗಿದಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ಒಂದು ಸಲ ಅಂತ ಬರ್ದವ್ರೆ. ಅವ್ಳು ಎರಡು ಸಲ ಬಂದ್ಲು. ಎರಡನೇ ಸಲ ಕಂಕುಳಲ್ಲಿ ಕೂಸಿತ್ತು. ಇದೇ ಹಜಾರದಲ್ಲಿ ಕೂತಿದ್ಲು. ಮುದ್ದೆ ಇಕ್ದೋಳು ನಾನೇ."

ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. "ತಪ್ಪಲೆ ಯಾರ ಮನೇದು ಅಜ್ಜಿ?"

"ನಮ್ದೇ. ನಾನು ಮದ್ವೆಯಾಗಿ ಬಂದ ವರ್ಸ ಅದು, ಇನ್ನೂ ಮಗು ನಾನು. ಹಿಂದಿನ ದಿನ ಅದ್ರಲ್ಲಿ ಅವ್ರೆಕಾಳು ತುಂಬಿ ಅಟ್ಟಕ್ಕಿಟ್ಟಿದ್ದೆ. ಕಲಾಯಿಗೆ ಕೊಟ್ಟೇ ಇರ್ಲಿಲ್ಲ. ಗಲಾಟೆ ಸುರುವಾದ ಮೇಲೆ ಗ್ಯಾಪಕ ಬಂತು. ಓಡೋಗಿ ಅತ್ತೆಗೆ ಯೋಳ್ದೆ. ಅತ್ತೆ ಅಟ್ಟ ಅತ್ತಿ ನೋಡುದ್ರು, ಇತ್ತು. ಇಳ್ದು ಬಂದು, ಬಾಯಿ ಮುಚ್ಕಂಡಿರು ಅಂದ್ರು. ಈಗ ಯೋಳುದ್ರೆ ಮನೆ ಮಾನ ಓಯ್ತದೆ ಅಂದ್ರು."

ದನಿ ಏರಿಸದೆ ಹೇಳಿದರು: "ಆಗಿನ್ನೂ ಅವ್ನಿಗೆ ಉಸ್ರಿತ್ತು ಮಗಾ. ನೀರು ನೀರು ಅಂತಿದ್ದ. ನಂಗೆ ಒಳಗಡೆಗೂ ಕೇಳುಸ್ತಿತ್ತು."

ಬಾಗಿಲು ತೆರೆಯಿತು. ಯಜಮಾನರು. ಗದ್ದೆಯ ಕೆಸರು ಕಾಲಲ್ಲೇ ಇತ್ತು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ತಿಳಿಯದು. ಕೋಪ ಮಾಡಿಕೊಳ್ಳಲಿಲ್ಲ. ಬಗ್ಗಿ ತಾಯಿಯ ರಟ್ಟೆ ಹಿಡಿದು, "ಏಳವ್ವ, ಮಲಿಕ್ಕೊ ನಡಿ," ಅಂದರು. ನನ್ನ ಕಡೆ ನೋಡಲೇ ಇಲ್ಲ.

ಬುಧವಾರ ಶಾಲೆಯಿಂದ ಬರುವಷ್ಟರಲ್ಲಿ ಅಜ್ಜಿ ಮನೆಯಲ್ಲಿರಲಿಲ್ಲ. ಬಸರಾಳು ಕಡೆಯ ಮಗಳ ಮನೆಗೆ ಕಳಿಸಿದ್ದೇವೆ, ಹವಾ ಬದಲಾಗಲಿ ಅಂತ, ಎಂದರು ಸೊಸೆ. ತಿಂಗಳೊಳಗೆ ನಮ್ಮ ಹೆಡ್ಮಾಸ್ತರು ನನ್ನನ್ನು ಕರೆದು, ಒಂಟಿ ಹೆಣ್ಣುಮಗಳು ಹಳ್ಳಿಯಲ್ಲಿ ಎಷ್ಟು ದಿನ ಇರುತ್ತೀರಿ, ಮಳವಳ್ಳಿಯಲ್ಲಿ ಜಾಗ ಖಾಲಿಯಿದೆ, ಅರ್ಜಿ ಹಾಕಿ ಎಂದರು. ಅವರೂ ಆ ಊರಿನವರೇ. "ಈ ವರ್ಷ ಆ ಪಾಠ ಬೇಡ. ಪರೀಕ್ಷೆಗೆ ಅದರಿಂದ ಪ್ರಶ್ನೆ ಬರಲ್ಲ," ಎಂದೂ ಸೇರಿಸಿದರು. ನಾನು ಎರಡಕ್ಕೂ ಒಪ್ಪಿದೆ.

ಯಾರಿಗೆ ಹೇಳಬೇಕಿತ್ತು ನಾನು? ಹೊಡೆದವರೆಲ್ಲ ಎಂದೋ ಮಣ್ಣಾಗಿದ್ದರು. ಅವನ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ನಿಜವಾಗಿ ನನ್ನ ಬಾಯಿ ಕಟ್ಟಿದ್ದು ಹೆದರಿಕೆ. ಆ ಊರಿನಲ್ಲಿ ಉಳಿದ ಎರಡು ತಿಂಗಳೂ ನಾನು ಕೋಣೆಯ ಅಗಳಿಯನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದೆ.

ಮಳವಳ್ಳಿಗೆ ಹೋದ ಮರುವರ್ಷ ಅಜ್ಜಿ ಮಗಳ ಮನೆಯಲ್ಲೇ ತೀರಿಕೊಂಡರೆಂದು ಕಾಗದ ಬಂತು. ಬರೆದವರು ಸೊಸೆ. ಕೊನೆಯಲ್ಲಿ, ನೀವು ಬರುವುದು ಬೇಡ ಎಂದು ಒಂದು ಸಾಲು. ನಾನು ಹೋಗಲಿಲ್ಲ.

ಮಳವಳ್ಳಿಯ ಶಾಲೆಯಲ್ಲಿ ಶಿವನಸಮುದ್ರದ ಕಡೆಯಿಂದ ಬರುತ್ತಿದ್ದ ಲೆಕ್ಕದ ಮೇಷ್ಟ್ರೊಬ್ಬರಿದ್ದರು, ಸಂಭಾವಿತರು. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನ್ನ ಮೇಜಿನ ಮೇಲಿದ್ದ ಪಠ್ಯಪುಸ್ತಕ ನೋಡಿ ಆ ಸಿನಿಮಾದ ಮಾತೆತ್ತಿದರು. ಅವರ ತಂದೆ ಅರ್ಧಕ್ಕೇ ಎದ್ದು ಬಂದರಂತೆ.

"ಯಾಕೆ, ಬೇಜಾರಾಯ್ತಾ?" ಎಂದೆ.

"ಇಲ್ಲ ಮೇಡಂ. ಅದು ನಮ್ಮೂರಲ್ಲಿ ನಡೆದದ್ದಂತೆ. ಬರೆದೋರಿಗೆ ಯಾರು ಹೇಳಿದ್ರೋ ಅಂತ ಇವತ್ತಿಗೂ ಗೊಣಗ್ತಿರ್ತಾರೆ."

ನಾನು ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಹಾಕಿದೆ. ಅವರು ಹೇಳಬಾರದ್ದು ಹೇಳಿದವರಂತೆ ತಲೆ ತಗ್ಗಿಸಿ ಉಣ್ಣತೊಡಗಿದರು. ಹಾಗಾದರೆ ಅಂಥ ಊರುಗಳು ಎಷ್ಟಿವೆ ಎಂದು ನಾನು ಕೇಳಲಿಲ್ಲ, ಅವರು ಆ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಆ ಪಾಠವನ್ನು ಇನ್ನೂ ಮೂರು ವರ್ಷ ಮಾಡಿದೆ. ಹೇಳದೆ ಬಿಟ್ಟದ್ದೇ ಸೊಗಸು ಎಂಬ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ನಾಲ್ಕನೆಯ ವರ್ಷ ಹೊಸ ಪುಸ್ತಕ ಬಂತು. ಪರಿವಿಡಿಯಲ್ಲಿ ಬೆರಳಿಟ್ಟು ಎರಡು ಸಲ ಹುಡುಕಿದೆ, ಆ ಕಥೆಯನ್ನು ತೆಗೆದುಹಾಕಿದ್ದರು. ನನಗೆ ನೆಮ್ಮದಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದು ಅದೇ.